ಅಪ್ಪ ಅಮ್ಮನ್ನ ಕಾಶಿಗೆ ಫ್ಲೈಟಲ್ಲಿ ಕರ್ಕೊಂಡು ಹೋಗ್ಬೇಕು, ಕಮ್ಮಿ ರೇಟಲ್ಲಿ ಟಿಕೆಟ್ ಹೇಗೆ ಮಾಡ್ಸೋದು?

ಮೈಸೂರ್‌ಪಾಕ್_77:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಅಪ್ಪ ರಿಟೈರ್ ಆದಾಗಿಂದ ಕಾಶಿ ಕಾಶಿ ಅಂತ ಹೇಳ್ತಾನೇ ಇದಾರೆ, ಈ ಸಲ ಹೋಗೋದೇ ಅಂತ ತೀರ್ಮಾನ ಆಗಿದೆ. ಮೈಸೂರಿಂದಾನೇ ವಾರಣಾಸಿ ಎಕ್ಸ್‌ಪ್ರೆಸ್ ಇದೆ ಗೊತ್ತು, ಆದ್ರೆ ಎರಡು ದಿನ ಟ್ರೇನಲ್ಲಿ ಕೂರೋಕೆ ಅಮ್ಮನ ಮಂಡಿ ಒಪ್ಪಲ್ಲ, ಹಂಗಾಗಿ ಫ್ಲೈಟು. ಅಪ್ಪ, ಅಮ್ಮ, ನಾನು, ಮಿಸೆಸ್ಸು, ಏಳು ವರ್ಷದ ಮಗಳು, ಒಟ್ಟು ಐದು ಟಿಕೆಟ್. ಅಪ್ಪ ಅಮ್ಮ ಇಬ್ರೂ ಫ್ಲೈಟ್ ಹತ್ತೇ ಇಲ್ಲ.

ಸಮಸ್ಯೆ ಏನಪ್ಪಾ ಅಂದ್ರೆ ರೇಟು. ಬೆಂಗಳೂರು ವಾರಣಾಸಿ ಡೈರೆಕ್ಟ್ ಫ್ಲೈಟು ಒಬ್ಬರಿಗೆ ಅಂತ ನೋಡಿದ್ರೆ 5,900 ತೋರಿಸ್ತು, ಖುಷಿಯಾಗಿ ಐದು ಜನ ಅಂತ ಹಾಕಿದ್ರೆ ಅದೇ ಫ್ಲೈಟು ತಲೆಗೆ 7,100! ಅರ್ಧ ಗಂಟೆ ಬಿಟ್ಟು ನೋಡಿದ್ರೂ ಅಷ್ಟೇ. ಆಫೀಸಲ್ಲಿ ಒಬ್ರು ಇನ್‌ಕಾಗ್ನಿಟೋದಲ್ಲಿ, ಅಂದ್ರೆ ಬ್ರೌಸರ್‌ನ ಪ್ರೈವೇಟ್ ಮೋಡಲ್ಲಿ, ನೋಡು ಅಂತಾರೆ, ಇನ್ನೊಬ್ರು ಮಂಗಳವಾರ ರಾತ್ರಿ ಬುಕ್ ಮಾಡು ಅಂತಾರೆ, ಮತ್ತೊಬ್ರು ಕೊನೇ ವಾರದವರೆಗೂ ಕಾಯಿ ಬಿದ್ದೇ ಬೀಳುತ್ತೆ ಅಂತಾರೆ. ಯಾರ ಮಾತು ಕೇಳ್ಲಿ? ಕಾರ್ತಿಕ ಪೂರ್ಣಿಮೆ ಟೈಮಲ್ಲಿ ಹೋಗ್ಬೇಕು ಅಂತ ಅಮ್ಮನ ಆಸೆ. ಅನುಭವ ಇರೋರು ಸ್ವಲ್ಪ ಹೇಳಿ ಪ್ಲೀಸ್.

ಗಿರ್ಮಿಟ್ ಗೆಳೆಯ:

ನೋಡ್ರಿ ಸರ್, ಹುಬ್ಬಳ್ಳ್ಯಾಗ ಭಾಳ ವರ್ಷ ಟಿಕೆಟ್ ಬುಕಿಂಗ್ ಕೆಲಸಾನ ಮಾಡೇನಿ, ಅದಕ್ಕ ಸ್ವಲ್ಪ ಉದ್ದ ಬರೀತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಿಮ್ಮ 5,900 ಮತ್ತ 7,100 ಕಥಿ ಕಳ್ಳಾಟ ಅಲ್ರಿ. ಒಂದ ವಿಮಾನದಾಗಿನ ಸೀಟ್ ಎಲ್ಲಾ ಒಂದ ರೇಟಿಗೆ ಇರೂದಿಲ್ಲ, ಕಂಪನಿಯವ್ರು ಅವನ್ನ ಬ್ಯಾರೆ ಬ್ಯಾರೆ ಫೇರ್ ಕ್ಲಾಸ್ ಮಾಡಿ ಇಟ್ಟಿರ್ತಾರ, ನಮ್ಮ ಲೈನಿನ್ಯಾಗ ಬಕೆಟ್ ಅಂತೀವಿ. ಕೆಳಗಿನ ಬಕೆಟ್‌ನ್ಯಾಗ ಎರಡ ಸೀಟ್ ಉಳದಾವ ಅಂತ ತಿಳೀರಿ. ನೀವು ಐದು ಮಂದಿ ಅಂತ ಹುಡುಕಿದ್ರ ಸಿಸ್ಟಮ್ ಎರಡ ಮಂದಿಗೆ ಸೋವಿ, ಮೂರ ಮಂದಿಗೆ ತುಟ್ಟಿ ಅಂತ ಕೊಡೂದಿಲ್ಲ, ಐದೂ ಸೀಟ್ ಒಟ್ಟಿಗೆ ಸಿಗೂ ಮ್ಯಾಲಿನ ಬಕೆಟ್‌ಗೆ ಹೋಗಿ ಐದೂ ಮಂದಿಗೆ ಅದ ರೇಟ್ ಹಚ್ಚತೈತಿ. ಅದಕ್ಕ ಮೊದಲ ಒಬ್ಬರಿಗೆ, ಆಮ್ಯಾಲೆ ಇಬ್ಬರಿಗೆ, ಮೂವರಿಗೆ ಅಂತ ಹಾಕಿ ನೋಡ್ರಿ, ಎಲ್ಲಿ ರೇಟ್ ಜಿಗಿತೈತಿ ಅಲ್ಲಿಗೆ ಒಂದ ಬುಕಿಂಗ್ ಮುಗಿಸಿ ಉಳದವ್ರಿಗೆ ಇನ್ನೊಂದ ಮಾಡ್ರಿ. ಆನ್‌ಲೈನ್ ಬುಕಿಂಗ್‌ಗೆ ಹಾಕೂ ಕನ್ವೀನಿಯನ್ಸ್ ಫೀ ಸಾಮಾನ್ಯಾಗಿ ತಲೆ ಲೆಕ್ಕದಾಗ ತಗೊಳ್ಳೂದರಿಂದ ಎರಡು ಬುಕಿಂಗ್ ಮಾಡಿದ್ರೂ ಅದರಾಗ ಲುಕ್ಸಾನ ಇಲ್ಲ.

ಇನ್‌ಕಾಗ್ನಿಟೋ ಎಲ್ಲಾ ಸುಳ್ಳ ಭರವಸೆ. ನೀವು ನೋಡ್ತಾ ಕುಂತಾಗ ಕೆಳಗಿನ ಬಕೆಟ್ ಸೀಟ್ ಬ್ಯಾರೆ ಯಾರೋ ತಗೊಂಡಿರ್ತಾರ, ನಮ್ಮ ಫೋನ್ ನಮ್ಮನ್ನ ನೋಡಾಕತ್ತೈತಿ ಅಂತ ನಾವು ಅಂದ್ಕೋತೀವಿ. ಮಂಗಳವಾರ ಬುಕ್ ಮಾಡಿದ್ರ ಸೋವಿ ಅನ್ನೂದೂ ಹಂಗ. ಬುಕ್ ಮಾಡೂ ವಾರ ಅಲ್ರಿ, ಹಾರೂ ವಾರ ನೋಡ್ಬೇಕು. ಶುಕ್ರವಾರ ಸಂಜಿ, ರವಿವಾರ ಸಂಜಿ ಯಾವಾಗ್ಲೂ ಮ್ಯಾಲೆ ಇರ್ತೈತಿ, ಮಂಗಳವಾರ ಬುಧವಾರ ಕೆಳಗ.

ಇನ್ನ ಕೊನೇ ವಾರದ ತನಕ ಕಾಯೂದಂತೂ ಐದು ಮಂದಿ ಇಟ್ಕೊಂಡು ಬ್ಯಾಡೇ ಬ್ಯಾಡ. ಕೊನೇ ವಾರದ ಸೀಟ್ ಆಫೀಸ್ ಕೆಲಸಕ್ಕ ಹೋಗೂ ಮಂದಿಗೆ ಅಂತ ತುಟ್ಟಿ ರೇಟಿಗೇ ಇಟ್ಟಿರ್ತಾರ. 2025ರ ಡಿಸೆಂಬರ್‌ನ್ಯಾಗ ಪೈಲಟ್ ಡ್ಯೂಟಿ ಟೈಮ್ ರೂಲ್ ಗದ್ದಲದಾಗ ಇಂಡಿಗೋದು ಸಾವಿರಾರು ಫ್ಲೈಟ್ ಕ್ಯಾನ್ಸಲ್ ಆಗಿ ಉಳದ ಸೀಟಿನ ರೇಟ್ ಹೆಂಗ್ ಏರ್ತು ನೆನಪೈತೇನ್ರಿ? ಸರ್ಕಾರನ 500 ಕಿಮೀ ಒಳಗ 7,500, 1,500 ಕಿಮೀ ಮ್ಯಾಲೆ 18,000 ಅಂತ ಮಿತಿ ಹಾಕಬೇಕಾತು. ತುರ್ತಿನ್ಯಾಗ ಕೊಳ್ಳಾಕ ಹೋದ್ರ ಹಂಗ ಆಗ್ತೈತಿ. ಒಂದೂವರಿ ಎರಡು ತಿಂಗಳ ಮೊದಲ ಕ್ಯಾಲೆಂಡರ್ ವ್ಯೂ ಹಾಕ್ಕೊಂಡು ನೋಡ್ರಿ, ಗೂಗಲ್ ಫ್ಲೈಟ್ಸ್‌ನ್ಯಾಗ ಪ್ರೈಸ್ ಅಲರ್ಟ್ ಹಾಕ್ರಿ, ಆದರ ಬುಕಿಂಗ್ ಮಾತ್ರ ಕಂಪನಿ ಸ್ವಂತ ಸೈಟ್‌ನ್ಯಾಗ ಮಾಡ್ರಿ.

ಕುಡ್ಲದ ಅಕ್ಕ:

ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ಬುಕಿಂಗ್ ಎರಡು ಮಾಡುವಾಗ ಮಗುವನ್ನು ನಿಮ್ಮ ಜೊತೆಯೇ ಒಂದೇ ಪಿಎನ್‌ಆರ್‌ನಲ್ಲಿ ಹಾಕಿ ಆಯ್ತಾ. 12 ವರ್ಷದ ಒಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕವಾದ್ರೂ ಸೀಟು ಕೊಡ್ಬೇಕು ಅಂತ ವಿಮಾನ ಕಂಪನಿಗಳಿಗೆ ರೂಲು ಮಾಡುವ ಸರ್ಕಾರದ ಡಿಜಿಸಿಎ 2024ರಲ್ಲಿ ಹೇಳಿದೆ. ಮಗಳನ್ನು ಅಜ್ಜ ಅಜ್ಜಿ ಟಿಕೆಟಿಗೆ ಸೇರಿಸಿ ನೀವು ಬೇರೆ ಆದ್ರೆ ಆ ರೂಲು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಎರಡು ಪಿಎನ್‌ಆರ್‌ಗೂ ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಟೈಮು ಚೇಂಜ್ ಆದ ಮೆಸೇಜು ನಿಮ್ಮ ಅಪ್ಪನ ಹಳೇ ಫೋನಿಗೆ ಹೋಗಿ ಕೂತ್ರೆ ಯಾರು ನೋಡ್ತಾರೆ ಮಾರಾಯ್ರೆ.

ನಾವು ಅತ್ತೆ ಮಾವನನ್ನು ಕರ್ಕೊಂಡು ಹೋದವರು, ಹಾಗಾಗಿ ಇನ್ನೊಂದೆರಡು. ಕಾರ್ತಿಕ ಪೂರ್ಣಿಮೆ ಅಂದ್ರೆ ಅಲ್ಲಿ ದೇವ್ ದೀಪಾವಳಿ, ಘಾಟುಗಳಲ್ಲಿ ಲಕ್ಷಗಟ್ಟಲೆ ದೀಪ, ನೋಡ್ಲಿಕ್ಕೆ ಚಂದವೇ, ಆದ್ರೆ ಆ ದಿನಗಳಲ್ಲಿ ಫ್ಲೈಟು ಮಾತ್ರ ಅಲ್ಲ ರೂಮು, ದೋಣಿ ಎಲ್ಲದರ ರೇಟು ಮೇಲೆ, ಮತ್ತೆ ಮಂಡಿ ನೋವಿನವರನ್ನು ಆ ಜನಜಂಗುಳಿಯಲ್ಲಿ ಮೆಟ್ಟಿಲು ಇಳಿಸುವುದು ಬೇಡವೇ ಬೇಡ. ಪೂರ್ಣಿಮೆ ಕಳೆದು ಒಂದೆರಡು ವಾರ ಬಿಟ್ಟು ಹೋಗಿ. ಹಾಗಂತ ಡಿಸೆಂಬರ್ ಕೊನೆ, ಜನವರಿಗೆ ಎಳೀಬೇಡಿ, ಆ ಕಡೆ ಮಂಜು ಹೇಗೆ ಬೀಳ್ತದೆ ಅಂದ್ರೆ ಬೆಳಗ್ಗಿನ ಫ್ಲೈಟು ಮಧ್ಯಾಹ್ನಕ್ಕೆ, ಇಲ್ಲದಿದ್ರೆ ಕ್ಯಾನ್ಸಲ್. ಆ ತಿಂಗಳಲ್ಲಿ ಅಗ್ಗದ ಟಿಕೆಟ್ ಕಾಣುವುದು ಅದಕ್ಕೇ ಅಂತ ನನ್ನ ಲೆಕ್ಕ.

ಬ್ಯಾಗ್ ವಿಷಯ. ನಮ್ಮ ಅತ್ತೆ ಪೂಜೆ ಚೀಲ ಅಂತ ಒಂದು ಬೇರೆಯೇ ಕಟ್ಟಿದ್ರು, ಅದ್ರಲ್ಲಿ ಕರ್ಪೂರದ ಡಬ್ಬಿ, ಬೆಂಕಿಪೊಟ್ಟಣ, ಒಣಕೊಬ್ಬರಿ ಗಿಟಕು, ತುಪ್ಪದ ಬಾಟ್ಲಿ. ಚೀಲ ಎಕ್ಸ್‌ರೇಯಲ್ಲಿ ಹೋದದ್ದೇ ಬದಿಗೆ ಎಳೆದ್ರು, ಒಂದೊಂದೇ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಕರ್ಪೂರ, ಬೆಂಕಿಪೊಟ್ಟಣ, ಕೊಬ್ಬರಿ ಮೂರೂ ಆಚೆ. ಇವು ಬೆಂಕಿ ಹಿಡಿಯುವ ವಸ್ತು, ಕೈಚೀಲದಲ್ಲೂ ಬೇಡ, ಚೆಕ್-ಇನ್ ಬ್ಯಾಗಲ್ಲೂ ಬೇಡ. ಅತ್ತೆ ಮುಖ ನೋಡ್ಬೇಕಿತ್ತು. ಕರ್ಪೂರ ಅಲ್ಲಿ ದೇವಸ್ಥಾನದ ಗಲ್ಲಿಯಲ್ಲೇ ಬೇಕಾದಷ್ಟು ಸಿಗ್ತದೆ. ಬರುವಾಗ ಗಂಗಾಜಲದ ತಂಬಿಗೆ ಲೀಕ್ ಆಗದ ಹಾಗೆ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಉಲ್ಟಾ, ಅದು ಕೈಚೀಲದಲ್ಲೇ ಇರ್ಬೇಕು.

ಅಮ್ಮನಿಗೆ ಬುಕ್ ಮಾಡುವಾಗಲೇ ವ್ಹೀಲ್‌ಚೇರ್ ಅಂತ ಟಿಕ್ ಮಾಡಿ. ನಡೀಲಿಕ್ಕೆ ಕಷ್ಟ ಇರುವವರಿಗೆ ದುಡ್ಡು ತಗೊಳ್ಳುವುದಿಲ್ಲ.

ಬೋಗಿ ನಂ 5:

ನನಗೆ ಇದೆಲ್ಲಾ ಓದಿ ನಗು ಬರ್ತಿದೆ, ಐದು ಜನಕ್ಕೆ ಹೋಗಿ ಬರೋಕೆ ಎಪ್ಪತ್ತು ಸಾವಿರದ ಹತ್ತಿರ ಆಗುತ್ತಲ್ರೀ. ಮುಜರಾಯಿ ಇಲಾಖೆಯವರ ಭಾರತ್ ಗೌರವ್ ಕಾಶಿ ದರ್ಶನ ಟ್ರೇನು 2022ರಿಂದ ಬಿಡ್ತಿದಾರೆ, ಅದ್ರಲ್ಲಿ ಸರ್ಕಾರದ ಸಬ್ಸಿಡಿನೂ ಸಿಗುತ್ತೆ, ಊಟ ರೂಮು ಎಲ್ಲಾ ಸೇರಿ. ಸಂಘಮಿತ್ರ ಎಕ್ಸ್‌ಪ್ರೆಸ್ಸಲ್ಲಿ ಥರ್ಡ್ ಎಸಿ ಮಾಡಿದ್ರೆ ಡಿಡಿಯು, ಅದೇ ನಮ್ಮ ಹಳೇ ಮುಘಲ್‌ಸರಾಯ್, ಅಲ್ಲಿ ಇಳಿದು ಕಾಶಿಗೆ ಆಟೋ. ಲೋವರ್ ಬರ್ತಲ್ಲಿ ಕಾಲು ಚಾಚಿ ಮಲಗ್ಬೋದು, ಫ್ಲೈಟ್ ಸೀಟಲ್ಲಿ ಮಂಡಿ ಮಡಚೋಕೂ ಜಾಗ ಇರಲ್ಲ.

ಕುಡ್ಲದ ಅಕ್ಕ:

@ಬೋಗಿ ನಂ 5, ಮಲಗ್ಬಹುದು ಸರಿ, ರಾತ್ರಿ ಎರಡು ಸಲ ಎದ್ದು ಓಡುವ ಟ್ರೇನಿನ ಬಾತ್‌ರೂಮಿಗೆ ಹೋಗುವುದು ಯಾರು?

ನೈಟ್‌ಶಿಫ್ಟ್ ನಾಗರಾಜ:

ಬಜೆಟ್ ಏರ್‌ಲೈನ್ ಅಂದ್ರೆ ಬಸ್ ತರಾನೇ ಅಂದ್ಕೊಳಿ, ಸೀಟು ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬೇರೆ ದುಡ್ಡು. ಇದೇನು ಹೊಸದಲ್ಲ, ನಮ್ಮ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಒಂದು ರೂಪಾಯಿ ಟಿಕೆಟ್ ಬಿಟ್ಟಾಗ್ಲೂ ಟ್ಯಾಕ್ಸ್ ಬೇರೇನೇ ಇತ್ತು, ಪ್ಲೇನಲ್ಲಿ ನೀರಿನ ಬಾಟ್ಲಿಗೂ ದುಡ್ಡು. ಹಾಗಾಗಿ ಮೊದಲು ಕಾಣೋ ನಂಬರ್ ನೋಡಿ ಕುಣೀಬೇಡಿ, ಪೇಮೆಂಟ್ ಪೇಜ್ ತನಕ ಹೋಗಿ. ಅಲ್ಲಿ ಸೀಟ್ ಸೆಲೆಕ್ಷನ್ ಬರುತ್ತೆ, ಸ್ಕಿಪ್ ಬಟನ್ ಎಲ್ಲೋ ಮೂಲೇಲಿ ಸಣ್ಣಗಿರುತ್ತೆ ಹುಡುಕಿ ಒತ್ತಿ. ಇನ್ಶೂರೆನ್ಸು, ಪ್ರಯಾರಿಟಿ ಚೆಕ್-ಇನ್ನು, ಸ್ಯಾಂಡ್‌ವಿಚ್ಚು ಎಲ್ಲಾ ನೋ ನೋ ನೋ. ಚಪಾತಿ ಪಲ್ಯ ಮನೆಯಿಂದ ತಗೊಂಡ್ಹೋಗಿ, ಯಾರೂ ಏನೂ ಅನ್ನಲ್ಲ.

ಒಂದು ಟ್ರಿಕ್ ಹೇಳ್ತೀನಿ ನೋಡಿ, ನಿಮ್ದು ಹೇಗಿದ್ರೂ ಎರಡು ಪಿಎನ್‌ಆರ್ ಆಗುತ್ತಲ್ಲ. ಸಾಮಾನ್ಯವಾಗಿ ತಲೆಗೆ 15 ಕೆಜಿ ಚೆಕ್-ಇನ್, 7 ಕೆಜಿ ಕೈಚೀಲ. ಐದು ಜನಕ್ಕೆ 75 ಕೆಜಿ ನಿಮಗ್ಯಾಕೆ? ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಲೈಟ್ ಅಂತ ಒಂದು ಫೇರ್ ಇದೆ, ಚೆಕ್-ಇನ್ ಬ್ಯಾಗ್ ಇಲ್ಲದೆ ಕಮ್ಮಿ ರೇಟು. ಅಪ್ಪ ಅಮ್ಮನ ಟಿಕೆಟ್ ಮಾಮೂಲಿ ಫೇರಲ್ಲಿ ಮಾಡಿ, ಅವರ 30 ಕೆಜಿಲಿ ಎಲ್ಲರ ಬಟ್ಟೆ ಎರಡು ಸೂಟ್‌ಕೇಸಿಗೆ ತುಂಬಿ, ನಿಮ್ಮ ಮೂರು ಜನದ್ದು ಲೈಟ್‌ನಲ್ಲಿ ಮಾಡಿ. ಮನೇಲೇ ತೂಕ ಹಾಕ್ಕೊಂಡು ಹೋಗಿ, ಕೌಂಟರಲ್ಲಿ ಜಾಸ್ತಿ ಬಂದ್ರೆ ಕೆಜಿ ಲೆಕ್ಕದಲ್ಲಿ ಸುಲೀತಾರೆ, ಅಲ್ಲಿ ನಿಂತು ಸೀರೆ ಒಂದೊಂದೇ ತೆಗೆದು ಮೈಮೇಲೆ ಹಾಕ್ಕೊಳ್ಳೋ ಪರಿಸ್ಥಿತಿ ಬೇಡ.

ಆಮೇಲೆ ಆ್ಯಪ್‌ಗಳಲ್ಲಿ ಒನ್ ಸ್ಟಾಪ್ ಅಂತ ಸಾವಿರ ರೂಪಾಯಿ ಕಮ್ಮಿಗೆ ಬರುತ್ತಲ್ಲ, ಅದು ಹುಷಾರು. ನನ್ನ ತಂಗಿಗೆ ಒಂದು ಆ್ಯಪ್‌ನವರು ಹೈದರಾಬಾದ್ ಮೇಲೆ ಹೋಗೋ ಟಿಕೆಟ್ ಕೊಟ್ರು, ಎರಡು ಬೇರೆ ಬೇರೆ ಕಂಪನಿ ಎರಡು ಪಿಎನ್‌ಆರ್, ಸೆಲ್ಫ್ ಟ್ರಾನ್ಸ್‌ಫರ್ ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರ್ದಿತ್ತು. ಮೊದಲನೇದು ಲೇಟಾಯ್ತು, ಎರಡನೇ ಕಂಪನಿಯವ್ರು ನೀವು ಬಂದಿಲ್ಲ ನೋ ಶೋ ಅಂದ್ರು, ಮೊದಲನೆಯವ್ರು ನಮ್ಮ ಕೆಲಸ ಹೈದರಾಬಾದಿಗೆ ಮುಗೀತು ಅಂದ್ರು, ಆ್ಯಪ್‌ನವರು ಫೋನೇ ಎತ್ತಲಿಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಕನೆಕ್ಷನ್ ಇದ್ರೆ ಮಾತ್ರ ಅದು ಅವರ ಜವಾಬ್ದಾರಿ. ವಯಸ್ಸಾದವರಿದ್ರೆ ಡೈರೆಕ್ಟ್ ಫ್ಲೈಟೇ ಮಾಡಿ, ಚರ್ಚೆ ಬೇಡ.

ಮೈಸೂರ್‌ಪಾಕ್_77:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಕೆಟ್ ವಿಷಯ ಈಗ್ಲೇ ಟ್ರೈ ಮಾಡ್ದೆ, ಇಬ್ಬರಿಗೆ ಅಂತ ಹಾಕಿದ್ರೆ 5,900 ಹಾಗೇ ಇದೆ, ಮೂರಕ್ಕೆ ಹೋದ್ರೆ ಜಂಪು! ದಿನಾಂಕ ಮುಂದೆ ಹಾಕೋಕೆ ಅಮ್ಮನ್ನ ಒಪ್ಪಿಸ್ತಿದೀನಿ. ಇನ್ನೆರಡು ಡೌಟು. ಬೆಳಗ್ಗೆ ಆರರ ಫ್ಲೈಟು ತಲೆಗೆ 700 ಕಮ್ಮಿ ಇದೆ, ಮಧ್ಯಾಹ್ನದ್ದು ಜಾಸ್ತಿ, ಯಾವ್ದು ಮಾಡ್ಲಿ? ವಾಪಸ್ ಬರುವಾಗ ಅಯೋಧ್ಯೆನೂ ನೋಡ್ಬೇಕು ಅಂತ ಅಪ್ಪ ಹೊಸದಾಗಿ ಸೇರಿಸಿದಾರೆ, ಮತ್ತೆ ವಾರಣಾಸಿಗೇ ವಾಪಸ್ ಬಂದು ಹತ್ಬೇಕಾ?

ಗಿರ್ಮಿಟ್ ಗೆಳೆಯ:

ಬ್ಯಾಡ್ರಿ, ವಾಪಸ್ ಯಾಕ ಬರ್ತೀರಿ. ಬಜೆಟ್ ಕಂಪನಿಯೊಳಗ ಹೋಗೂದು ಬರೂದು ಕೂಡಿಸಿ ಮಾಡಿದ್ರೂ ಬ್ಯಾರೆ ಬ್ಯಾರೆ ಮಾಡಿದ್ರೂ ಸಾಮಾನ್ಯಾಗಿ ಅಷ್ಟ ರೇಟ್. ಹೋಗೂದು ವಾರಣಾಸಿಗೆ, ಬರೂದು ಲಖನೌದಿಂದ ಮಾಡ್ರಿ. ಕಾಶಿಯಿಂದ ಅಯೋಧ್ಯೆ ರೋಡಿನ್ಯಾಗ ಸುಮಾರು 200 ಕಿಮೀ, ಅಲ್ಲಿಂದ ಲಖನೌ 135 ಕಿಮೀ ಆಸುಪಾಸು. ಅಯೋಧ್ಯೆದಾಗನ 2023ರ ಡಿಸೆಂಬರ್‌ಗೆ ಏರ್‌ಪೋರ್ಟ್ ಆಗೈತಿ, ನಿಮ್ಮ ದಿನಕ್ಕ ಬೆಂಗಳೂರಿಗೆ ನೇರ ಫ್ಲೈಟ್ ಇದ್ರ ಭಾಳ ಚೊಲೋ, ಆದರ ಲಖನೌಗೆ ಫ್ಲೈಟ್ ಜಾಸ್ತಿ ಇರೂದಕ್ಕ ಪೈಪೋಟಿ ಜಾಸ್ತಿ, ರೇಟ್ ಅಲ್ಲೇ ಇಳಿತಾವ.

ಆರರ ಫ್ಲೈಟ್ ಲೆಕ್ಕ ಹಿಂಗ ಹಾಕ್ರಿ. ಕೌಂಟರ್ ಹಾರೂದಕ್ಕ ಒಂದು ತಾಸು ಮೊದಲ ಬಂದ್ ಆಗ್ತೈತಿ, ಗೇಟ್ 25 ನಿಮಿಷ ಮೊದಲ. ವ್ಹೀಲ್‌ಚೇರ್ ಐತಿ, ಮಗು ಐತಿ ಅಂದ್ರ ನಾಲ್ಕಕ್ಕ ಅಲ್ಲಿರಬೇಕು. ಮೈಸೂರಿಂದ ಕೆಂಪೇಗೌಡ ಏರ್‌ಪೋರ್ಟಿಗೆ ನಾಲ್ಕು ತಾಸು ಹಿಡೀರಿ, ಅಂದ್ರ ರಾತ್ರಿ ಹನ್ನೆರಡಕ್ಕ ಮನಿ ಬಿಡೂದು. ಕೆಎಸ್‌ಆರ್‌ಟಿಸಿ ಫ್ಲೈಬಸ್ ಚೊಲೋ ಐತಿ, ಒಬ್ಬಿಬ್ಬರಿಗೆ ಅದ ಬೆಸ್ಟ್, ಆದರ ಐದು ಮಂದಿಗೆ ತಲೆಗೆ ಸಾವಿರದ ಹತ್ರ ಅಂದ್ರ ಇನೋವಾ ಬಾಡಗಿ ಸನೇಕ ಬಂತು. 3,500 ಉಳಸಾಕ ಹೋಗಿ ವಯಸ್ಸಾದವ್ರ ಒಂದು ರಾತ್ರಿ ನಿದ್ದಿ ಹಾಳು. ನಾನಾದ್ರ ಮಧ್ಯಾಹ್ನದ್ದ ಮಾಡ್ತೇನಿ.

ಇನ್ನೊಂದು, ಬುಕ್ ಮಾಡಿದ ಮ್ಯಾಲೆ ರೇಟ್ ಇಳದ್ರ? ಪ್ರಯಾಣ ಒಂದು ವಾರಕ್ಕಿಂತ ದೂರ ಇದ್ರ ಬುಕ್ ಮಾಡಿ 24 ತಾಸಿನ್ಯಾಗ ಪುಗಸಟ್ಟೆ ಕ್ಯಾನ್ಸಲ್ ಮಾಡೂ ಸವಲತ್ತು ಡಿಜಿಸಿಎ ಮೊದಲಿಂದನೂ ಇಟ್ಟಿತ್ತು, ಬುಕ್ ಮಾಡೂ ಮೊದಲ ಕಂಪನಿ ಸೈಟ್‌ನ್ಯಾಗ ಈಗಿನ ಷರತ್ತು ಏನೈತಿ ಒಮ್ಮೆ ಓದ್ರಿ. ಅದು ದಾಟಿ ಕ್ಯಾನ್ಸಲ್ ಮಾಡಿದ್ರ ಅವ್ರು ಮುರಕೊಳ್ಳೂದು ಬೇಸ್ ಫೇರ್ ಮತ್ತ ಫ್ಯುಯೆಲ್ ಚಾರ್ಜ್ ಮೀರಬಾರದು, ಏರ್‌ಪೋರ್ಟ್ ಫೀ, ಟ್ಯಾಕ್ಸ್ ವಾಪಸ್ ಕೊಡಲೇಬೇಕು. ಕೇಳದಿದ್ರ ಸುಮ್ಮನಿರ್ತಾರ, ಕೇಳ್ರಿ.

ಮೈಸೂರ್‌ಪಾಕ್_77:

ಮಾಡ್ದೆ ಸರ್! ಮಧ್ಯಾಹ್ನದ ಫ್ಲೈಟು, ಬುಧವಾರ, 2+3. ವಾಪಸ್ ಲಖನೌದಿಂದ. ಅಮ್ಮ ಪೂರ್ಣಿಮೆ ತಪ್ಪೋಯ್ತು ಅಂತ ಸ್ವಲ್ಪ ಮುನಿಸಿದಾರೆ. ಒಂದೇ ಒಂದು ಟೆನ್ಶನ್, ಅಪ್ಪನ ಆಧಾರಲ್ಲಿ ಹೆಸರು, ಹಿಂದೆ ಒಂದು ಇನಿಷಿಯಲ್ ಅಷ್ಟೇ. ಲಾಸ್ಟ್ ನೇಮ್ ಕಡ್ಡಾಯ ಅಂತು, ಒಂದಕ್ಷರ ತಗೊಳ್ಳಲಿಲ್ಲ, ಹೆಸರನ್ನೇ ಎರಡು ಸಲ ಹಾಕ್ಬಿಟ್ಟೆ. ಗೇಟಲ್ಲಿ ತಡೀತಾರಾ?

ನೈಟ್‌ಶಿಫ್ಟ್ ನಾಗರಾಜ:

ನಮ್ಮ ಕಡೆ ಅರ್ಧ ಜನದ್ದು ಹಾಗೇ ಗುರು, ನಮ್ಮಪ್ಪಂದೂ ಅದೇ, ಏರ್‌ಪೋರ್ಟ್ ಸೆಕ್ಯುರಿಟಿ ಸಿಐಎಸ್‌ಎಫ್‌ನವರು ಹೆಸರು ನೋಡಿ ಮುಖ ನೋಡಿ ಬಿಡ್ತಾರೆ. ಸ್ಪೆಲಿಂಗ್ ಮಾತ್ರ ಆಧಾರಲ್ಲಿ ಇರೋ ಹಾಗೇ ಇದೆಯಾ ಈಗ್ಲೇ ನೋಡಿ, ತಪ್ಪಿದ್ರೆ 24 ಗಂಟೆ ಒಳಗೆ ಕಂಪನಿಗೆ ಹೇಳಿದ್ರೆ ಫ್ರೀಯಾಗಿ ಸರಿ ಮಾಡಿಕೊಡ್ಬೇಕು. ಒರಿಜಿನಲ್ ಆಧಾರ್ ಕಾರ್ಡು ನಿಮ್ಮ ಹತ್ರಾನೇ ಇಟ್ಕೊಳಿ, ಅಪ್ಪನ ಸೂಟ್‌ಕೇಸಲ್ಲಿ ಅಲ್ಲ.