ಪದ ಬೇಕು: ಗ್ಲುಟಾಥಯೋನ್ ‘ಕಾಂಜುಗೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಲಿವರ್ ಕುರಿತ ಗೋಡೆಚಿತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು, ಒಂದೇ ಒಂದು ಪದಕ್ಕೆ ನಿಂತಿದೆ. ಹೊರಗಿನಿಂದ ಬಂದ ರಾಸಾಯನಿಕಕ್ಕೆ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕಿಣ್ವ ಗ್ಲುಟಾಥಯೋನನ್ನು (ಜೀವಕೋಶಗಳಲ್ಲೇ ಇರುವ, ಗಂಧಕವುಳ್ಳ ಸಣ್ಣ ಅಣು) ಸೇರಿಸುತ್ತದಲ್ಲ, ಆ ಕಾಂಜುಗೇಷನ್‌ಗೆ ಏನನ್ನಬೇಕು? ‘ಸಂಯೋಗ’ ಬೇಡ, ಮಕ್ಕಳೂ ನೋಡುವ ಚಿತ್ರ. ‘ನಿರ್ವಿಷೀಕರಣ’ ಆದೀತೇ? ಬಾಣದ ಮೇಲೆ ಜಾಗ ಕಡಿಮೆ.

ಉತ್ತರ 1:
ಆಗದು. ನಿರ್ವಿಷೀಕರಣ ಅನ್ನೋದು ಫಲ, ಕ್ರಿಯೆ ಅಲ್ಲ. ಆ ಫಲವೂ ಪ್ರತಿ ಸಲ ಸಿಗುವುದಿಲ್ಲ. ಪ್ಯಾರಾಸಿಟಮಾಲ್ ತಗೊಳ್ಳಿ. ಸೈಟೋಕ್ರೋಮ್ ಪಿ450 ಕಿಣ್ವಗಳು ಅದರ ಸ್ವಲ್ಪ ಭಾಗವನ್ನು ಎನ್‌ಎಪಿಕ್ಯೂಐ ಎಂಬ ವಿಷವಾಗಿಸುತ್ತವೆ. ಗ್ಲುಟಾಥಯೋನ್ ಅದನ್ನು ಹಿಡಿದರೆ ಪಾರು. ಮಾತ್ರೆ ಮಿತಿಮೀರಿದರೆ ಗ್ಲುಟಾಥಯೋನ್ ಬರಿದಾಗಿ ಲಿವರ್‌ನ ಜೀವಕೋಶಗಳೇ ಸಾಯುತ್ತವೆ. ಇನ್ನು ಎಥಿಲೀನ್ ಡೈಬ್ರೋಮೈಡ್ ಎಂಬ ರಾಸಾಯನಿಕದ ಕಥೆ ಉಲ್ಟಾ. ಗ್ಲುಟಾಥಯೋನ್ ಸೇರಿದ ಮೇಲೆಯೇ ಅದು ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಅದನ್ನೂ ನಿರ್ವಿಷೀಕರಣ ಅಂತೀರಾ? ‘ಜೋಡಣೆ’ ಅಂತ ಹಾಕಿ, ಮುಗೀತು.

ಉತ್ತರ 2:
ಜೋಡಣೆ ಸಪ್ಪೆ. ವ್ಯಾಕರಣದಲ್ಲೇ ಒಳ್ಳೆಯ ಪದ ಇದೆ: ಆದೇಶ, ಅಂದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದು. ಕ್ಲೋರೋಡೈನೈಟ್ರೋಬೆಂಜೀನ್‌ನಿಂದ ಕ್ಲೋರಿನ್ ಹೊರಬೀಳುತ್ತದೆ, ಆ ಜಾಗದಲ್ಲಿ ಗ್ಲುಟಾಥಯೋನಿನ ಗಂಧಕ ಬಂದು ಕೂರುತ್ತದೆ. ‘ಮಳೆಗಾಲ’ದಲ್ಲಿ ಕಕಾರ ಹೋಗಿ ಗಕಾರ ಬಂದ ಹಾಗೆ. ಕಿಣ್ವದ ಹೆಸರಿನ ‘ಎಸ್’ ಆ ಗಂಧಕವೇ. ಅಂದಹಾಗೆ, ಲಿವರ್ ಯಾಕೆ? ಅಚ್ಚಗನ್ನಡದ ‘ಈಲಿ’ ಇದೆಯಲ್ಲ. ‘ಕಿಣ್ವ’ ಕೂಡ ಸಂಸ್ಕೃತದ ಸಾಲ. ಎನ್ಜೈಮ್ ಅಂದುಬಿಡಿ, ಅದಕ್ಕಿಂತ ವಾಸಿ.

ಉತ್ತರ 1:
ಎಪಾಕ್ಸೈಡ್‌ಗಳಲ್ಲಿ (ಆಮ್ಲಜನಕವಿರುವ ಪುಟ್ಟ ಉಂಗುರದ ಅಣುಗಳು) ಏನು ಹೊರಬೀಳುತ್ತದೆ? ಏನೂ ಇಲ್ಲ. ಉಂಗುರ ಬಿಚ್ಚಿಕೊಳ್ಳುತ್ತದೆ, ಗ್ಲುಟಾಥಯೋನ್ ಸೇರುತ್ತದೆ. ಅಲ್ಲಿಗೆ ನಿಮ್ಮ ಆದೇಶಸಂಧಿ ಬಿದ್ದುಹೋಯಿತು. ಕಿಣ್ವ ಅಂದರೆ ಹುದುಗು ಬರಿಸುವುದು. ಎನ್ಜೈಮ್‌ನ ಒಳಗಿರುವ ಗ್ರೀಕ್ ಪದಕ್ಕೂ ಅದೇ ಅರ್ಥ. ಸಂಸ್ಕೃತದ ಸಾಲ ತೀರಿಸೋಕೆ ಗ್ರೀಕರ ಹತ್ತಿರ ಸಾಲ ಮಾಡೋದಾ? ಈಲಿ ಅಂತ ಬರೆದರೆ ಇಲಿಗೆ ದೀರ್ಘ ಜಾಸ್ತಿಯಾಗಿದೆ ಅಂದುಕೊಳ್ತಾರೆ, ಅಷ್ಟೇ.

ಉತ್ತರ 2:
ಜನ ಬಳಸದೆ ಪದ ರೂಢಿಗೆ ಬರುವುದು ಹೇಗೆ? ನಿಮ್ಮಂಥವರು ನಕ್ಕು ನಕ್ಕೇ ಅರ್ಧ ಪದಗಳನ್ನು ಕೊಂದಿದ್ದೀರಿ.

ಉತ್ತರ 3:
ಇಬ್ಬರೂ ಸುಮ್ನೆ ಇರ್ತೀರಾ? ಕೇಳಿದವರಿಗೆ ನಾಳೆ ಅಚ್ಚಿದೆ. ಜೋಡಣೆ ಸಾಕು. ಆದರೆ ಬರೀ ‘ಜೋಡಣೆ’ ಬೇಡ, ಏನನ್ನು ಜೋಡಿಸುವುದು ಅಂತಲೂ ಇರಲಿ. ಲಿವರ್‌ನಲ್ಲಿ ಗ್ಲುಕ್ಯುರೋನಿಕ್ ಆಮ್ಲದ ಜೋಡಣೆ, ಸಲ್ಫೇಟ್ ಜೋಡಣೆ ಕೂಡ ನಡೆಯುತ್ತವೆ, ಅಲ್ವಾ?

ಕೇಳಿದವರು:
‘ಗ್ಲುಟಾಥಯೋನ್ ಜೋಡಣೆ’ ಅಂತ ಹಾಕಿ ಕಳಿಸಿದೆ. ಅಕ್ಷರ ಸ್ವಲ್ಪ ಚಿಕ್ಕದಾಯಿತು. ಮುಂದಿನ ಬಾಣ ಕಿಡ್ನಿಗೆ ಹೋಗುತ್ತದೆ, ಅಲ್ಲಿಂದ ಮೂತ್ರಕ್ಕೆ ಮರ್ಕ್ಯಾಪ್ಚ್ಯೂರಿಕ್ ಆಮ್ಲ, ಅಂದರೆ ಆ ಜೋಡಣೆಯಾದದ್ದರ ಕೊನೆಯ ರೂಪ. ಅದನ್ನು ಹಾಗೇ ಬಿಟ್ಟಿದ್ದೇನೆ. ದಯವಿಟ್ಟು ಅದಕ್ಕೆ ಯಾರೂ ಪದ ಹುಡುಕಬೇಡಿ.