ಜಿಂಕೆ ಬೇಟೆಗೆ ಗುರಿ ತಪ್ಪದ ರಿವಾಲ್ವರ್ ಯಾವುದು? ಅನುಭವ ಇದ್ದವರು ಹೇಳಿ

ಕೊಲಂಬಸ್ ಹುಡುಗ:
ಎಲ್ಲರಿಗೂ ನಮಸ್ಕಾರ. ಓಹಾಯೊದಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಯ್ತು. ಎರಡು ಸೀಸನ್ ಶಾಟ್‌ಗನ್ನಿನಲ್ಲಿ ಬಿಳಿಬಾಲದ ಜಿಂಕೆ ಹೊಡೆದಿದ್ದೇನೆ. ಈ ಸಲ ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಗನ್ ವಾರಕ್ಕೆ ರಿವಾಲ್ವರ್ ಹಿಡಿಯೋಣ ಅಂತ ಆಸೆ. ಇಲ್ಲಿನ ನಿಯಮದಂತೆ ಬ್ಯಾರಲ್ (ನಳಿಕೆ) 5 ಇಂಚಿಗೆ ಕಡಿಮೆ ಇರಬಾರದು, ಗುಂಡಿನ ಅಳತೆ .357 ಅಥವಾ ಅದಕ್ಕಿಂತ ದೊಡ್ಡದೇ ಆಗಬೇಕು ಅನ್ನೋದು ಗೊತ್ತು. ನನ್ನ ಸ್ಟ್ಯಾಂಡಿನಿಂದ (ಬೇಟೆಗೆ ಕಾದು ಕೂರುವ ಅಟ್ಟಣೆ) ಜಿಂಕೆ ದಾರಿ 40 ಗಜ. ಕೈಯಲ್ಲಿ 1000 ಡಾಲರ್ ಇದೆ. .357 ಸಾಕಾ, .44 ಬೇಕಾ? ಸ್ಕೋಪ್ (ಗುರಿ ದುರ್ಬೀನು) ಹಾಕಿಸಬೇಕಾ?

ಅಕ್ರನ್ ನಿವಾಸಿ:
ಯಾವುದೇ ತಗೊಳ್ಳಿ, ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆ) ಆರೂ ಬಾಯಿ ಅಳೆಸದೆ ದುಡ್ಡು ಕೊಡಬೇಡಿ. ನಾನು ಅಳೆಸಲಿಲ್ಲ. ಸೆಕೆಂಡ್ ಹ್ಯಾಂಡ್ .44, ಕಂಪನಿ ಹೆಸರು ಬೇಡ, 640 ಡಾಲರ್. ನೋಡೋಕೆ ಹೊಸದರ ಹಾಗೇ ಇತ್ತು. ಮರಳಚೀಲದ ಮೇಲಿಟ್ಟು 25 ಗಜದಿಂದ ಹೊಡೆದರೆ ಆರು ಗುಂಡು 5 ಇಂಚಿಗೆ ಹರಡಿಕೊಳ್ಳುತ್ತಿದ್ದವು. ನನ್ನ ಕೈಯದೇ ತಪ್ಪು ಅಂದುಕೊಂಡೆ. ನಾಲ್ಕು ಥರದ ಕಾರ್ಟ್ರಿಜ್ (ಗುಂಡು, ಮದ್ದು ಸೇರಿದ ತೋಟೆ) ತಂದೆ, 210 ಡಾಲರ್ ಹೋಯಿತು. ಸೀಸದ ಗುಂಡು ಹಾಕಿದರೆ ಬ್ಯಾರಲ್ ತುಂಬ ಸೀಸ ಮೆತ್ತಿಕೊಳ್ಳುತ್ತಿತ್ತು. ರಾತ್ರಿ ಹನ್ನೊಂದರವರೆಗೆ ಗ್ಯಾರೇಜಿನಲ್ಲಿ ಕೂತು ಕೆರೆಯುತ್ತಿದ್ದೆ.

ಕೊನೆಗೆ ಒಬ್ಬ ಗನ್‌ಸ್ಮಿತ್ ಪಿನ್ ಗೇಜ್ (ತೂತಿನ ಅಳತೆ ನೋಡುವ ಕಡ್ಡಿ) ಹಾಕಿ ನೋಡಿದರು. ನಾಲ್ಕು ಬಾಯಿ .428 ಇಂಚು, ಎರಡು .431! ಹೆಸರಿಗೆ .44 ಆದರೂ ಗುಂಡು .430; ಅದು ನಾಲ್ಕು ಕಡೆ ಹಿಂಡಿಸಿಕೊಂಡು ಸಣ್ಣದಾಗಿ ಹೊರಡುತ್ತಿತ್ತು. ಆಮೇಲೆ ಅದಕ್ಕೆ ಗುಂಡನ್ನು ತಿರುಗಿಸುವ ಬ್ಯಾರಲ್ಲಿನ ಗೀರು ಹಿಡಿಯುವುದಾದರೂ ಹೇಗೆ? ಸಣ್ಣ ಬಾಯಿಗಳನ್ನು .431ಕ್ಕೆ ಹಿಗ್ಗಿಸಲು 90 ಡಾಲರ್, ಫೋರ್ಸಿಂಗ್ ಕೋನ್ (ಗುಂಡು ಬ್ಯಾರಲ್ಲಿಗೆ ಹೋಗುವ ಲಾಳಿಕೆಯಂಥ ಬಾಯಿ) 11 ಡಿಗ್ರಿಗೆ ಕೊರೆಯಲು 85. ಹೋಗಿ ಬರಲು 140 ಮೈಲಿ, ಎರಡು ಸಲ. ಏಳು ವಾರ ಕಾದೆ. ಸೀಸನ್ ಮುಗಿದೇ ಹೋಯಿತು. ಆಮೇಲೆ ಅದೇ ರಿವಾಲ್ವರ್ ಅದೇ 25 ಗಜದಿಂದ ಒಂದೂವರೆ ಇಂಚು. ಪೆಟ್ರೋಲ್ ಬಿಟ್ಟು ಒಟ್ಟು 1025 ಡಾಲರ್. ಈ ಲೆಕ್ಕ ನನಗೆ ಬಾಯಿಪಾಠ.

ಟೆಕ್ಸಾಸ್ ಹಿಲ್ ಕಂಟ್ರಿ:
ಇಷ್ಟು ಅಳತೆ ಮಾಡಿ ಯಾರೂ ಬೇಟೆ ಆಡಲ್ಲ. ಹೊಸ .44 ರೂಗರ್ ಸೂಪರ್ ಬ್ಲ್ಯಾಕ್‌ಹಾಕ್, ಏಳೂವರೆ ಇಂಚು ಬ್ಯಾರಲ್, 240 ಗ್ರೇನ್ ತೂಕದ ಗುಂಡು. ಅಷ್ಟೇ. 1959ರಿಂದ ಇರುವ ಗನ್ ಅದು, ಸುಮ್ನೆ ಇಷ್ಟು ವರ್ಷ ಉಳಿದಿಲ್ಲ. ನನ್ನದರಲ್ಲಿ ಹನ್ನೊಂದು ಕಾಡುಹಂದಿ ಬಿದ್ದಿವೆ. ನಮ್ಮಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರು ಒಪ್ಪಿದರೆ ವರ್ಷವಿಡೀ ಹಂದಿ ಹೊಡೆಯಬಹುದು, 2019ರಿಂದ ಅದಕ್ಕೆ ಲೈಸೆನ್ಸೂ ಬೇಡ. ಅಭ್ಯಾಸ ಆಗುವುದೇ ಹಾಗೆ.

ನನಗೆ ಹೊಡೆತ ಬಿದ್ದದ್ದು ಬೇರೆ ಕಡೆ. ಕಾರ್ಟ್ರಿಜ್ ಮನೆಯಲ್ಲೇ ತುಂಬುತ್ತೇನೆ. ಒಂದು ಸಲ ಕ್ರಿಂಪ್ (ಗುಂಡನ್ನು ಬಿಗಿಹಿಡಿಯುವ ತೋಟೆ ಬಾಯಿಯ ಮಡಿಕೆ) ಸಡಿಲ ಬಿಟ್ಟೆ. ಬೆಳಗಿನ ಜಾವ 50 ಗಜದಲ್ಲಿ ದೊಡ್ಡ ಗಂಡು ಜಿಂಕೆ. ಮೊದಲ ಗುಂಡು ಕೊಂಬೆಗೆ ತಾಗಿತು. ಅದು ಓಡಲಿಲ್ಲ, ತಲೆ ಎತ್ತಿ ನಿಂತಿತು. ಎರಡನೆಯದಕ್ಕೆ ಹ್ಯಾಮರ್ ಎಳೆದರೆ ಸಿಲಿಂಡರ್ ತಿರುಗಲೇ ಇಲ್ಲ. ಮೊದಲ ಗುಂಡಿನ ಒದೆತಕ್ಕೆ ಪಕ್ಕದ ಕಾರ್ಟ್ರಿಜ್‌ನ ಗುಂಡು ಮುಂದಕ್ಕೆ ಜಾರಿ ಫ್ರೇಮಿಗೆ ಸಿಕ್ಕಿಕೊಂಡಿತ್ತು. ಆ ಜಿಂಕೆ ಹತ್ತು ಸೆಕೆಂಡ್ ನನ್ನನ್ನೇ ನೋಡಿ ಹೋಯಿತು. ಆರು ವರ್ಷ ಆಯ್ತು, ಅದರ ಕೊಂಬು ಇನ್ನೂ ಕಣ್ಣ ಮುಂದಿದೆ.

ಅಕ್ರನ್ ನಿವಾಸಿ:
ಅಳತೆ ಬೇಡ ಅನ್ನುವವರು ಕ್ರಿಂಪ್ ಸಹ ಅಳೆದಿಲ್ಲ. ಅದಕ್ಕೇ ಜಿಂಕೆ ಹೋಯಿತು, ಅಲ್ವಾ?

ಟೆಕ್ಸಾಸ್ ಹಿಲ್ ಕಂಟ್ರಿ:
ತಪ್ಪು ನನ್ನದು ಅಂತ ನಾನೇ ಬರೆದಿದ್ದೇನೆ. ಅದನ್ನೇ ಎತ್ತಿ ಆಡುವುದು ಸರಿಯಲ್ಲ. ನೀವು ಆ ರಿವಾಲ್ವರ್‌ನಲ್ಲಿ ಎಷ್ಟು ಜಿಂಕೆ ಹೊಡೆದಿರಿ, ಅದನ್ನು ಹೇಳಿ.

ಅಕ್ರನ್ ನಿವಾಸಿ:
ಎರಡು. ಎರಡೂ ಒಂದೇ ಗುಂಡಿಗೆ.

ಮಿಷಿಗನ್ ಅಕ್ಕ:
ಇಲ್ಲಿ ಎಲ್ಲರೂ .44 ಅನ್ನುವುದನ್ನು ನೋಡಿ ಬರೆಯುತ್ತಿದ್ದೇನೆ. ನಾನೂ ಮೊದಲು .44 ತಗೊಂಡೆ. ಅಂಗಡಿಯವರು, ಗೆಳೆಯರು, ಮನೆಯವರು ಎಲ್ಲ ಅದನ್ನೇ ಹೇಳಿದರು. ನನ್ನ ಕೈ ಚಿಕ್ಕದು. ಮೂರನೇ ವಾರಕ್ಕೆ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುವುದು ಅಭ್ಯಾಸ ಆಯಿತು. ಮಣಿಕಟ್ಟು ಊದಿತು. ಎಕ್ಸ್‌ರೇ, ಪಟ್ಟಿ, ಎಂಟು ವಾರ ಫಿಸಿಯೋಥೆರಪಿ. ಒಂದೊಂದು ಸಲಕ್ಕೂ ನನ್ನ ಕೈಯಿಂದ 40 ಡಾಲರ್. ಕಣ್ಣು ಮುಚ್ಚುವ ಚಟ ಬಿಡಿಸಲು ಒಂದು ವರ್ಷ ಬೇಕಾಯಿತು. .22 ಹಿಡಿದು ಮೊದಲಿನಿಂದ ಶುರು ಮಾಡಿದೆ. ಖಾಲಿ ಕಾರ್ಟ್ರಿಜ್ ನಡುವೆ ಸೇರಿಸಿ ಹೊಡೆದೆ. ಖಾಲಿ ಬಂದಾಗ ಬ್ಯಾರಲ್ ತುದಿ ಕೆಳಗೆ ಕುಸಿಯುವುದನ್ನು ನೋಡಿ ಅಳು ಬಂದಿತ್ತು.

ಈಗ ನನ್ನ ಕೈಯಲ್ಲಿರುವುದು 6 ಇಂಚಿನ ರೂಗರ್ ಜಿಪಿ100, .357, 158 ಗ್ರೇನ್. 30 ಗಜದ ಆಚೆ ಹೊಡೆಯುವುದಿಲ್ಲ. ಪಕ್ಕೆ ತೋರಿಸಿ ಅಡ್ಡ ನಿಂತಿರದಿದ್ದರೆ ಹೊಡೆಯುವುದಿಲ್ಲ. ಮೂರು ಹೆಣ್ಣು ಜಿಂಕೆ. ಯಾವುದೂ 60 ಗಜ ದಾಟಿ ಓಡಿಲ್ಲ. ಪ್ರತಿ ವರ್ಷ ಸೀಸನ್‌ಗೆ ಮುಂಚೆ 400 ಗುಂಡು ಹೊಡೆಯುತ್ತೇನೆ. .44 ಇಟ್ಟುಕೊಂಡು ವರ್ಷಕ್ಕೆ 20 ಗುಂಡು ಹೊಡೆಯುವವರು ನನಗೆ ಉಪದೇಶ ಮಾಡಬೇಡಿ.

ಪಿಟ್ಸ್‌ಬರ್ಗ್:
ಅಕ್ಕ, ಬೇಜಾರು ಮಾಡ್ಕೋಬೇಡಿ, ಹೊಸಬರಿಗೆ ಇದು ಅಪಾಯದ ಸಲಹೆ. ನಾನೂ .357 ಹಿಡಿದು ಹೋಗಿದ್ದೆ. 45 ಗಜ. ಜಿಂಕೆ ಸ್ವಲ್ಪ ತಿರುಗಿ ನಿಂತಿತ್ತು. ಗುಂಡು ಭುಜದ ಮೂಳೆಗೆ ಬಿತ್ತು. ರಕ್ತ ಮೊದಲ 80 ಗಜ ಚೆನ್ನಾಗಿತ್ತು. ಆಮೇಲೆ ಎಲೆಗೊಂದು ಹನಿ. ಆಮೇಲೆ ಅದೂ ಇಲ್ಲ. ಟಾರ್ಚ್ ಹಿಡಿದು ಮೊಣಕಾಲ ಮೇಲೆ ರಾತ್ರಿ ಒಂದರವರೆಗೆ ಹುಡುಕಿದೆ. ಬೆಳಿಗ್ಗೆ ಬಾಡಿಗೆ ನಾಯಿ ಕರೆಸಿದೆ, 150 ಡಾಲರ್. ಸಿಕ್ಕಿತು, ಕಾಯೋಟಿಗಳು (ತೋಳದಂಥ ಕಾಡುಪ್ರಾಣಿ) ಅರ್ಧ ತಿಂದ ಮೇಲೆ. ಗುಂಡು ಎದೆಗೂಡಿನ ಒಳಗೇ ಹೋಗಿರಲಿಲ್ಲ. .44ರ 240 ಗ್ರೇನ್ ಆಗಿದ್ದರೆ ಆ ಮೂಳೆ ಒಡೆದುಕೊಂಡು ಆಚೆ ಬರುತ್ತಿತ್ತು. ಆ ದಿನವೇ .357 ಮಾರಿದೆ.

ಮಿಷಿಗನ್ ಅಕ್ಕ:
ತಿರುಗಿ ನಿಂತ ಜಿಂಕೆಗೆ ಹೊಡೆದದ್ದು ನೀವು. .357 ಏನು ಮಾಡುತ್ತದೆ ಅದಕ್ಕೆ?

ಪಿಟ್ಸ್‌ಬರ್ಗ್:
ಕಾಡಿನಲ್ಲಿ ಜಿಂಕೆ ನಮ್ಮ ಮಾತು ಕೇಳಿ ಅಡ್ಡ ನಿಲ್ಲುವುದಿಲ್ಲ.

ಮಿಷಿಗನ್ ಅಕ್ಕ:
ನಿಲ್ಲದಿದ್ದರೆ ಹೊಡೆಯಬಾರದು. ನಾನು ಕಳೆದ ವರ್ಷ ಒಂಬತ್ತು ದಿನ ಕೂತು ಬರಿಗೈಯಲ್ಲಿ ಬಂದೆ.

ವಯೋಮಿಂಗ್ ಕಡೆಯವನು:
ಗುರಿಯ ಮಾತು ಬಂದರೆ ಫ್ರೀಡಂ ಆರ್ಮ್ಸ್ ಮಾಡೆಲ್ 83 ಬಿಟ್ಟು ಬೇರೆ ಮಾತೇ ಇಲ್ಲ. ನಮ್ಮ ರಾಜ್ಯದ ಫ್ರೀಡಂ ಅನ್ನುವ ಚಿಕ್ಕ ಊರಿನಲ್ಲೇ ಮಾಡುತ್ತಾರೆ. ಸಿಲಿಂಡರನ್ನು ಅದೇ ಫ್ರೇಮಿನಲ್ಲಿ ಕೂರಿಸಿ ಕೊರೆಯುತ್ತಾರೆ. ಅದಕ್ಕೇ ಐದು ಕೋಣೆಯೂ ಬ್ಯಾರಲ್ಲಿಗೆ ನೇರ ಬರುತ್ತವೆ. ಅಕ್ರನ್‌ನವರ ಗೋಳೇ ಇರುವುದಿಲ್ಲ. ನನ್ನದು .454. 100 ಗಜದಲ್ಲಿ ಐದು ಗುಂಡು ಎರಡೂವರೆ ಇಂಚು. ಅದಕ್ಕಾಗಿ ನನ್ನ ಬೈಕ್ ಮಾರಿದೆ. ಮೇಲೆ ಲ್ಯೂಪೋಲ್ಡ್ ಪಿಸ್ತೂಲ್ ಸ್ಕೋಪ್ ಬೇರೆ. ಮೊದಲ ಸಲ ಸ್ಕ್ರೂಗಳನ್ನು ಅಂದಾಜಿನಲ್ಲಿ ಬಿಗಿದೆ. ಮೂವತ್ತನೇ ಗುಂಡಿಗೆ ಎರಡು ಸ್ಕ್ರೂ ತುಂಡಾದವು. ತುಂಡು ತೆಗೆಸಲು 120 ಡಾಲರ್. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ತಗೊಳ್ಳದೆ ಸ್ಕೋಪ್ ಮುಟ್ಟಬೇಡಿ.

ಟೆಕ್ಸಾಸ್ ಹಿಲ್ ಕಂಟ್ರಿ:
ಕೇಳಿದವರ ಬಳಿ ಇರುವುದು 1000 ಡಾಲರ್, ಸ್ವಾಮಿ. ಮರದ ಕೆಳಗೆ 40 ಗಜಕ್ಕೆ ಸ್ಕೋಪ್ ಯಾಕೆ? ಕೈಯ ನಡುಕವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಕೆಂಪು ಚುಕ್ಕೆ ಸೈಟ್ ಸಾಕು.

ವಯೋಮಿಂಗ್ ಕಡೆಯವನು:
ಮೊದಲು ಅಗ್ಗದ್ದು ತಗೊಂಡು ಮಾರಿ, ಮತ್ತೆ ತಗೊಂಡು ಮಾರಿ, ಕೊನೆಗೆ ಇದಕ್ಕೇ ಬರುತ್ತಾರೆ. ನಾನು ಬಂದದ್ದೂ ಹಾಗೇ. ನಡುವೆ ಹೋದ ದುಡ್ಡು ಯಾರು ಕೊಡುತ್ತಾರೆ?

ಮಡಿಕೇರಿಯಿಂದ ಹ್ಯೂಸ್ಟನ್:
ನಮ್ಮ ಮನೆಯಲ್ಲಿ ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತಿತ್ತು. ಕಾಯಿ ಒಡೆದವನಿಗೆ ಮನೆಯಲ್ಲಿ ಒಂದು ತೂಕ. ಉದ್ದ ಕೋವಿಯಲ್ಲಿ ನಾನು ತಪ್ಪುತ್ತಿರಲಿಲ್ಲ. ಆ ಧೈರ್ಯದಲ್ಲೇ ಇಲ್ಲಿ .44 ಹಿಡಿದೆ. ಮೊದಲ ದಿನ 25 ಗಜದಲ್ಲಿ ಕಾಗದಕ್ಕೇ ತಾಗಲಿಲ್ಲ. ಆದರೆ ನನ್ನ ದೊಡ್ಡ ನೋವು ಅದಲ್ಲ. ಒಂದು ಸಂಜೆ ಹಂದಿ ದಿಢೀರ್ ಅಂತ ಬಂತು. ಕಿವಿಗೆ ಏನೂ ಹಾಕದೆ ಒಂದೇ ಒಂದು ಗುಂಡು ಹೊಡೆದೆ. ಎಡಗಿವಿಯಲ್ಲಿ ಕೀ ಅನ್ನುವ ಸದ್ದು ಶುರುವಾಯಿತು. ಮೂರು ವರ್ಷ ಆಯಿತು, ನಿಂತಿಲ್ಲ. ಮಗಳು ಪಿಸುಗುಟ್ಟಿದರೆ ಕೇಳಿಸುವುದಿಲ್ಲ. ಡಾಕ್ಟರ್, ಪರೀಕ್ಷೆ, ಕಿವಿ ಯಂತ್ರ ಎಲ್ಲ ಸೇರಿ 3800 ಡಾಲರ್. ಕಿವಿಗೆ ಹಾಕುವ ಎಲೆಕ್ಟ್ರಾನಿಕ್ ಮಫ್ 60 ಡಾಲರ್‌ಗೆ ಸಿಗುತ್ತಿತ್ತು. ಸ್ಟ್ಯಾಂಡ್ ಹತ್ತುವ ಮೊದಲೇ ಹಾಕಿಕೊಳ್ಳಿ.

ಪಿಟ್ಸ್‌ಬರ್ಗ್:
ಮಫ್ ಹಾಕಿದರೆ ಜಿಂಕೆ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ.

ಮಡಿಕೇರಿಯಿಂದ ಹ್ಯೂಸ್ಟನ್:
ಕಿವಿ ಹೋದ ಮೇಲೆ ಯಾವ ದಿಕ್ಕೂ ತಿಳಿಯುವುದಿಲ್ಲ. ಅನುಭವಿಸಿದವನು ಹೇಳುತ್ತಿದ್ದೇನೆ.

ಎಚ್1ಬಿ, ಡೇಟನ್:
ನಡುವೆ ಒಂದು ಪ್ರಶ್ನೆ. ನಾನು ವೀಸಾದಲ್ಲಿ ಇದ್ದೇನೆ. ಬೇಟೆ ಲೈಸೆನ್ಸ್ ಇದ್ದರೆ ಗನ್ ಇಟ್ಟುಕೊಳ್ಳಬಹುದು ಅಂತಾರೆ, ನಿಜವಾ?

ಅಕ್ರನ್ ನಿವಾಸಿ:
ಹೌದು. ವೀಸಾದವರಿಗೆ ಫೆಡರಲ್ ಕಾನೂನಿನಲ್ಲಿ ನಿಷೇಧ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯಿತು.

ಮಿಷಿಗನ್ ಅಕ್ಕ:
ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ ತಮ್ಮ. ನವೀಕರಣ ಒಂದು ದಿನ ತಡವಾದರೂ ಗನ್ ಮನೆಯಲ್ಲಿರುವುದೇ ಅಪರಾಧ. ಗ್ರೀನ್ ಕಾರ್ಡಿನ ಹತ್ತು ವರ್ಷದ ಕಾಯುವಿಕೆ ಒಂದು ಜಿಂಕೆಗೆ ಕಳೆದುಕೊಳ್ಳಬೇಡಿ.

ಅಕ್ರನ್ ನಿವಾಸಿ:
ಕಾನೂನು ಬಿಟ್ಟದ್ದನ್ನು ನೀವು ಯಾಕೆ ತಡೆಯುತ್ತೀರಿ? ನಾನು ಆರು ವರ್ಷ ಹಾಗೇ ಬೇಟೆ ಆಡಿದೆ.

ಮಿಷಿಗನ್ ಅಕ್ಕ:
ನಿಮಗೆ ಏನೂ ಆಗಲಿಲ್ಲ ಅಂದರೆ ಎಲ್ಲರಿಗೂ ಆಗುವುದಿಲ್ಲ ಅಂತಲ್ಲ.

ಕೊಲಂಬಸ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮಫ್ ಇವತ್ತೇ ಆರ್ಡರ್ ಮಾಡಿದೆ. .357ಓ .44ಓ ಇನ್ನೂ ತೀರ್ಮಾನ ಆಗಿಲ್ಲ. ಎರಡನ್ನೂ ಹೊಡೆದು ನೋಡಲು ಯಾರಾದರೂ ಹತ್ತಿರದಲ್ಲಿ ಇದ್ದೀರಾ?

ಅಕ್ರನ್ ನಿವಾಸಿ:
ಶನಿವಾರ ಬನ್ನಿ. ನನ್ನ .44 ತರುತ್ತೇನೆ, ಗೆಳೆಯನ .357ನೂ ಇಸ್ಕೊಂಡು ಬರುತ್ತೇನೆ. ಪಿನ್ ಗೇಜೂ ತರುತ್ತೇನೆ.

ಟೆಕ್ಸಾಸ್ ಹಿಲ್ ಕಂಟ್ರಿ:
ಗೇಜ್ ಕಾರಿನಲ್ಲೇ ಇರಲಿ. ಹುಡುಗ ಮೊದಲು 50 ಗುಂಡು ಹೊಡೆಯಲಿ.