ವಸಂತದ ಕಡಲತೀರದ ನಡಿಗೆ: ಹೂವನ್ನೂ ಹಕ್ಕಿಯನ್ನೂ ಒಂದೇ ಬೆಳಿಗ್ಗೆ ನೋಡುವುದು ಹೇಗೆ?

ಪ್ರಶ್ನೆ

ಮರಳದಿಬ್ಬಗಳ ಅಂಚಿನಿಂದ ಹೊರಟು ಅಳಿವೆಯವರೆಗೆ ಸಾಗುವ ಕಾಲುದಾರಿಯಲ್ಲಿ ವಸಂತದ ಬೆಳಗಿನ ಹೊತ್ತು ನಡೆಯುವ ಅಭ್ಯಾಸವನ್ನು ಈಚೆಗೆ ಆರಂಭಿಸಿದ್ದೇನೆ. ಹೂಗಳನ್ನು ನೋಡಲು ಬಗ್ಗಿದರೆ ಹಕ್ಕಿಗಳು ತಪ್ಪಿಹೋಗುತ್ತವೆ. ಹಕ್ಕಿಗಳ ಕಡೆಗೆ ನಡೆದರೆ ಅವು ಗುಂಪಾಗಿ ಎದ್ದು ದೂರದ ಕೆಸರಿನಲ್ಲಿ ಇಳಿದುಬಿಡುತ್ತವೆ. ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ನಡೆದರೆ ಎರಡನ್ನೂ ಸಮಾಧಾನದಿಂದ ನೋಡಬಹುದೆಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ಗಡಿಯಾರಕ್ಕಿಂತ ಮೊದಲು ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ದಿನಕ್ಕೆ ಎರಡು ಬಾರಿ ಉಬ್ಬರ ಬರುವ ತೀರಗಳಲ್ಲಿ ಅದು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರ ಸುಮಾರಿಗೆ ಪೂರ್ಣ ಉಬ್ಬರವಿರುವ ದಿನವನ್ನು ಆರಿಸಿಕೊಂಡು, ಅದಕ್ಕೆ ಎರಡು ಮೂರು ಗಂಟೆ ಮೊದಲೇ ಅಳಿವೆಯ ದಂಡೆಯಲ್ಲಿ ಕುಳಿತುಬಿಡಿ. ನೀವು ಹಕ್ಕಿಗಳ ಹತ್ತಿರ ಹೋಗಬೇಕಾಗಿಲ್ಲ. ಏರುವ ನೀರು ಕೆಸರನ್ನು ಮುಚ್ಚುತ್ತ ಬಂದಂತೆ ಅವೇ ಮೇಯುತ್ತ ನಿಮ್ಮ ಕಡೆಗೆ ಸರಿಯುತ್ತವೆ. ವಲಸೆ ಹೊರಡುವ ಮುನ್ನ ಪ್ಲವರ್ ಎಂಬ ಗಿಡ್ಡ ಕೊಕ್ಕಿನ ಸಣ್ಣ ತೀರಹಕ್ಕಿಗಳಲ್ಲಿ ಹಲವುಗಳ ಮಾಸಲು ಎದೆಗೆ ಇಟ್ಟಿಗೆಯ ಕೆಂಪು ಏರುವುದನ್ನು ಆಗ ನಿಚ್ಚಳವಾಗಿ ಕಾಣಬಹುದು.

ಅವುಗಳನ್ನು ಎಬ್ಬಿಸಬಾರದೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರಲ್ಲಿ ಗಾಡ್‌ವಿಟ್ ಜಾತಿಯ ಎಳೆಯ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಕ್ರಮಿಸಿತು. ಇಂತಹ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಅವು ಹೊರಡುವ ಮುನ್ನ ಇಂತಹ ಕೆಸರುಬಯಲಿನಲ್ಲೇ ಕೂಡಿಸಿಕೊಳ್ಳಬೇಕು. ನಾವು ಎಬ್ಬಿಸಿದಾಗಲೆಲ್ಲ ಆ ಗಳಿಕೆಯ ಒಂದಿಷ್ಟು ಪಾಲು ವ್ಯರ್ಥವಾಗುತ್ತದೆ.

ಉತ್ತರ 2

ಹಕ್ಕಿಗಳ ಸರದಿ ಮುಗಿದ ಮೇಲೆ ಹೂಗಳ ಕಡೆಗೆ ಹೊರಳಿ, ಆದರೆ ಮಧ್ಯಾಹ್ನದವರೆಗೆ ಕಾಯಬೇಡಿ. ಉಷ್ಣವಲಯದ ಮರಳುತೀರಗಳಲ್ಲೆಲ್ಲ ಹಬ್ಬುವ ಅಡುಂಬು ಬಳ್ಳಿಯ ನೇರಳೆಗೆಂಪು ಹೂ ಬೆಳಿಗ್ಗೆ ಅರಳಿ, ಬಿಸಿಲೇರಿದ ಮೇಲೆ ಮುದುಡಿಕೊಳ್ಳುತ್ತದೆ. ಮೊಣಕಾಲೂರಿ ಕುಳಿತು ಅದರ ಒಂದು ಎಲೆಯನ್ನು ನೋಡಿ: ತೊಟ್ಟು ಎಲೆಯನ್ನು ಸೇರುವಲ್ಲಿ ಎರಡು ಪುಟ್ಟ ಗ್ರಂಥಿಗಳಿದ್ದು, ಅಲ್ಲಿ ಜಿನುಗುವ ಸಿಹಿರಸಕ್ಕೆ ಇರುವೆಗಳು ಬಂದುಹೋಗುತ್ತಿರುತ್ತವೆ. ಬಳ್ಳಿಯನ್ನು ಮೇಯುವ ಕೀಟಗಳನ್ನು ಈ ಇರುವೆಗಳು ಅಟ್ಟುತ್ತವೆ. ಗೆಣ್ಣುಗೆಣ್ಣಿಗೂ ಬೇರೂರಿ ಮರಳನ್ನು ಹಿಡಿದಿಡುವುದೂ ಇದೇ ಬಳ್ಳಿಯಾದ್ದರಿಂದ, ಅದರ ಮೇಲೆ ಕಾಲಿಡದೆ, ಸವೆದ ದಾರಿಯಲ್ಲೇ ನಡೆಯುವುದು ಲೇಸು. ಪಕ್ಕದಲ್ಲಿ ರಾವಣನ ಮೀಸೆ ಹುಲ್ಲು ಇದ್ದರೆ ಅದರ ಮುಳ್ಳುಚೆಂಡುಗಳನ್ನೂ ಗಮನಿಸಿ. ಒಣಗಿದ ಮೇಲೆ ಅವು ಕಳಚಿಕೊಂಡು ಗಾಳಿಗೆ ಉರುಳುತ್ತ ಬೀಜ ಚೆಲ್ಲುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಮಸೂರವೊಂದು ಜೇಬಿನಲ್ಲಿದ್ದರೆ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಒಣ ಮರಳಿನಲ್ಲಿ ಸಣ್ಣ ಹಕ್ಕಿಯೊಂದು ರೆಕ್ಕೆ ಮುರಿದಂತೆ ಎಳೆಯುತ್ತ ನನ್ನ ಮುಂದೆಯೇ ಓಡಿತು. ಅದಕ್ಕೆ ಸಹಾಯ ಮಾಡಬೇಕಿತ್ತೇ?

ಉತ್ತರ 3

ಬೇಡ. ಗೂಡಿನಿಂದ ನಿಮ್ಮ ಗಮನವನ್ನು ಬೇರೆಡೆಗೆ ಸೆಳೆಯಲು ಪ್ಲವರ್‌ಗಳು ಹಾಗೆ ನಟಿಸುತ್ತವೆ. ಕೆಂಟಿಶ್ ಪ್ಲವರ್ ಮರಳಿನಲ್ಲಿ ಆಳವಿಲ್ಲದ ಗುಳಿಯೊಂದನ್ನು ಕೆರೆದು ಸಾಮಾನ್ಯವಾಗಿ ಮೂರು ಮೊಟ್ಟೆಗಳನ್ನಿಡುತ್ತದೆ. ಮರಳಿನದೇ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವುದರಿಂದ ಅವು ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ನೀವು ಅಲ್ಲಿ ನಿಂತಷ್ಟು ಹೊತ್ತೂ ಹಕ್ಕಿ ಮರಳಿ ಬರುವುದಿಲ್ಲ, ಮೊಟ್ಟೆಗಳು ಸುಡುವ ಬಿಸಿಲಿಗೆ ತೆರೆದುಕೊಂಡಿರುತ್ತವೆ. ಗೂಡನ್ನು ಹುಡುಕದೆ, ಬಂದ ಹೆಜ್ಜೆಗುರುತುಗಳ ಮೇಲೆಯೇ ಹಿಂದೆ ಸರಿದು, ತೆರೆ ತೊಯ್ಯಿಸಿದ ಗಟ್ಟಿ ಮರಳಿಗೆ ಇಳಿದು ಮುಂದೆ ಸಾಗಿ. ಜೊತೆಯಲ್ಲಿ ನಾಯಿಯಿದ್ದರೆ ಆ ಭಾಗವನ್ನು ದಾಟುವವರೆಗೆ ಹಗ್ಗವನ್ನು ಬಿಡಬೇಡಿ. ಹಕ್ಕಿಯ ಚಿತ್ರವನ್ನು ಹಂಚಿಕೊಳ್ಳುವುದಾದರೆ ಗೂಡಿನ ನಿಖರ ಜಾಗವನ್ನು ತಿಳಿಸಬೇಡಿ, ತೀರದ ಹೆಸರಷ್ಟೇ ಸಾಕು.